ಹನ್ನೆರಡಕ್ಕೆ ಮುಂಚೆ ರದ್ದಾದ ಕೋಣೆಗಳು

ದೂರು ಠಾಣೆಗೆ ಬಂದದ್ದು ಏಳನೇ ತಾರೀಖು ಸೋಮವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ. ತಂದವರು ಪ್ರವಾಸೋದ್ಯಮ ಇಲಾಖೆಯ ಸಹಾಯಕ ನಿರ್ದೇಶಕರು. ಗರಿಗರಿ ಅಂಗಿ, ಕಂಕುಳಲ್ಲಿ ನೀಲಿ ಫೈಲು. ಕುರ್ಚಿ ತೋರಿಸಿದರೂ ಕೂರದೆ, ಫೈಲನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟು ನಿಂತೇ ಮಾತಾಡಿದರು.

"ಕೆರೆ ದಂಡೆ ವಸತಿಗೃಹ ಗೊತ್ತಲ್ಲ? ಆ ಯಜಮಾನಿ ಸರ್ಕಾರಕ್ಕೆ ಟೋಪಿ ಹಾಕಿದ್ದಾರೆ."

"ಮೊದಲು ಕೂತ್ಕೊಳ್ಳಿ ಸಾರ್. ಟೋಪಿ ಹೇಗೆ ಹಾಕಿದ್ರು ಹೇಳಿ."

ಅವರು ಕೂತರು. ಹೇಳಿದ್ದು ಇಷ್ಟು. ಸಣ್ಣ ವಸತಿಗೃಹ, ದೋಣಿ ವಿಹಾರ ಇಂಥವನ್ನು ನಡೆಸುವವರಿಗೆ ಸರ್ಕಾರದ ಒಂದು ಯೋಜನೆ ಇದೆ. ಕಟ್ಟಡ ಸರಿಮಾಡಿಸಲು ಆಗುವ ಖರ್ಚಿನಲ್ಲಿ ಅರ್ಧ ಇಲಾಖೆಯದು. ಷರತ್ತು ಒಂದೇ, ಯೋಜನೆಯಲ್ಲಿ ಡಿಜಿಟಲ್ ತಂತ್ರಜ್ಞಾನ ಇರಲೇಬೇಕು. ಕೋಣೆ ಕಾದಿರಿಸುವುದು ಆನ್‌ಲೈನಿನಲ್ಲಿ, ಅಂಗಳದಾಚೆ ಹಜಾರದಲ್ಲಿ ಅತಿಥಿಗಳೇ ಒತ್ತಿಕೊಳ್ಳುವ ಪರದೆ, ಕೆಲಸದವರನ್ನು ಕರೆಯುವುದೂ ಅದೇ ಸಿಸ್ಟಂ. ಎಷ್ಟು ಬುಕಿಂಗ್ ಆಯಿತೆಂಬ ಲೆಕ್ಕ ತಾನಾಗಿಯೇ ಇಲಾಖೆಗೆ ಬರುತ್ತದೆ. ಲೆಕ್ಕ ಚೆನ್ನಾಗಿದ್ದರೆ ಎರಡನೇ ಕಂತು.

"ಚೆನ್ನಾಗಿತ್ತು," ಎಂದರು ಸಹಾಯಕ ನಿರ್ದೇಶಕರು. "ಮೂರು ತಿಂಗಳಲ್ಲಿ ಆರುನೂರ ಎಪ್ಪತ್ತು ಬುಕಿಂಗು. ಕಂತೂ ಕೊಟ್ಟಾಯ್ತು. ಹೋದ ವಾರ ನಾನೇ ಹೇಳದೆ ಕೇಳದೆ ಹೋದೆ. ಹಜಾರ ಭಣಭಣ. ಆಮೇಲೆ ತೆಗೆದು ನೋಡಿದ್ರೆ, ಅದರಲ್ಲಿ ಮುನ್ನೂರ ಐವತ್ತೆಂಟು ಬುಕಿಂಗ್ ರದ್ದಾಗಿವೆ. ಯಾರೂ ಬಂದೇ ಇಲ್ಲ."

"ಬುಕಿಂಗ್ ಮಾತ್ರ ಎಣಿಸ್ತಿದ್ರಾ? ಬಂದು ಉಳಿದವರನ್ನ ಎಣಿಸ್ತಿರಲಿಲ್ವಾ?"

ಸಹಾಯಕ ನಿರ್ದೇಶಕರು ಫೈಲಿನ ದಾರ ಸರಿಮಾಡಿಕೊಂಡರು. "ನಮೂನೆ ಹಾಗಿದೆ," ಎಂದರು.

ಹನ್ನೊಂದು ಐದಕ್ಕೆ ಎಫ್‌ಐಆರ್ ದಾಖಲಾಯಿತು. ಸುಳ್ಳು ದಾಖಲೆ ಸೃಷ್ಟಿ, ಸರ್ಕಾರಿ ಹಣದ ವಂಚನೆ. ಆರೋಪಿ ಸ್ಥಾನದಲ್ಲಿ ವಸತಿಗೃಹದ ಯಜಮಾನಿ. ಮಧ್ಯಾಹ್ನದೊಳಗೆ ಮೇಲಧಿಕಾರಿಗಳ ಫೋನೂ ಬಂತು. ಶುಕ್ರವಾರದೊಳಗೆ ದಸ್ತಗಿರಿ ಆಗಬೇಕು, ಪತ್ರಿಕೆಯವರು ಮೂಸಿ ನೋಡುತ್ತಿದ್ದಾರೆ.

ಇನ್ಸ್‌ಪೆಕ್ಟರ್‌ಗೆ ಇಪ್ಪತ್ತಾರು ವರ್ಷದ ಸರ್ವೀಸು. ಜೇಬುಗಳ್ಳರ ಬೆರಳು ನೋಡಿ ಕಸುಬು ಹೇಳುತ್ತಿದ್ದರು. ಕಂಪ್ಯೂಟರ್ ಎಂದರೆ ಮಾತ್ರ ಕೈಕಾಲು ಆಡುತ್ತಿರಲಿಲ್ಲ. ಆ ಕೆಲಸಕ್ಕೆ ಮಹಿಳಾ ಕಾನ್‌ಸ್ಟೇಬಲ್ ಇದ್ದಳು. ಡಿಪ್ಲೊಮಾ ಮಾಡಿ ಪೊಲೀಸಿಗೆ ಸೇರಿದವಳು. ಠಾಣೆಯ ಪ್ರಿಂಟರ್ ಕೆಟ್ಟಾಗಲೆಲ್ಲ ಎಲ್ಲರ ಬಾಯಲ್ಲೂ ಅವಳ ಹೆಸರೇ. ಜೊತೆಗೆ ಹೆಡ್ ಕಾನ್‌ಸ್ಟೇಬಲ್, ನಿವೃತ್ತಿಗೆ ಎಂಟು ತಿಂಗಳಿದ್ದ ದಫೇದಾರರು.

ಸೋಮವಾರ ಎರಡೂವರೆಗೆ ಮೂವರೂ ವಸತಿಗೃಹ ತಲುಪಿದರು. ಎರಡಂತಸ್ತಿನ ಹಳೇ ಕಟ್ಟಡ, ಹೊಸ ಬಣ್ಣ. ಹದಿನಾರು ಕೋಣೆ. ಬಾಗಿಲು ದಾಟಿದರೆ ಹಜಾರ. ಹಿಂದೆ ಗುಮಾಸ್ತ ಕೂರುತ್ತಿದ್ದ ಮರದ ಕಟ್ಟೆಯ ಜಾಗದಲ್ಲಿ ಆಳೆತ್ತರದ ಪರದೆ ನಿಂತಿತ್ತು. ಹತ್ತಿರ ಹೋದೊಡನೆ ಅದು ಬೆಳಗಿ 'ಸುಸ್ವಾಗತ' ಎಂದಿತು. ದಫೇದಾರರು ಅಭ್ಯಾಸಬಲದಿಂದ ತಲೆಯಾಡಿಸಿಬಿಟ್ಟರು.

ಯಜಮಾನಿಗೆ ನಲವತ್ತೈದರ ಆಸುಪಾಸು. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದರು. ಎಫ್‌ಐಆರ್ ಪ್ರತಿ ಓದಿ ಅವರ ಮುಖ ಬಿಳಿಚಿಕೊಂಡಿತು.

"ರದ್ದಾಗ್ತಿತ್ತು, ಗೊತ್ತಿತ್ತು. ಸಿಸ್ಟಂ ಹಾಕಿದವನಿಗೆ ಎಷ್ಟು ಸಲ ಫೋನ್ ಮಾಡಿದ್ದೀನಿ! 'ಆನ್‌ಲೈನ್ ಜನ ಹಾಗೇ ಮೇಡಂ, ಮಾಮೂಲು' ಅಂದ. ಎಷ್ಟೋ ದಿನ ಕೋಣೆ ತುಂಬಿದೆ ಅಂತ ತೋರಿಸಿ ನಿಜವಾದ ಗಿರಾಕಿಗಳೇ ವಾಪಸ್ ಹೋದ್ರು. ನಷ್ಟ ನನಗೇ ಸಾರ್."

"ಎರಡನೇ ಕಂತು ಬಂತಲ್ಲ?"

"ಬಂತು. ಮೇಲ್ಛಾವಣಿಗೆ ಹೋಯ್ತು. ಈಗ ವಾಪಸ್ ಕೊಡಿ ಅಂದ್ರೆ ಈ ಮನೇನೇ ಕೊಡಬೇಕು."

ಕಣ್ಣು ತುಂಬಿದ್ದರೂ ದನಿ ಏರಲಿಲ್ಲ. ಸುಳ್ಳು ಹೇಳುವವರು ಸಾಮಾನ್ಯವಾಗಿ ಇಷ್ಟು ಕಡಿಮೆ ಮಾತಾಡುವುದಿಲ್ಲ ಎಂದು ಇನ್ಸ್‌ಪೆಕ್ಟರ್‌ಗೆ ಅನ್ನಿಸಿತು. ಅನ್ನಿಸಿದ್ದನ್ನು ಡೈರಿಯಲ್ಲಿ ಬರೆಯುವಂತಿರಲಿಲ್ಲ.

ಸಿಸ್ಟಂನ ಪೆಟ್ಟಿಗೆಯಲ್ಲಿದ್ದ ದಾಖಲೆಗಳ ಪ್ರತಿ ತೆಗೆದು, ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಮಾಡಿ ಸೀಲು ಹಾಕಿದರು; ಪರದೆಯನ್ನು ನಡೆಯಲು ಬಿಟ್ಟರು. ಸಿಸ್ಟಂ ಹಾಕಿದ ಕಂಪನಿಯವನು ದೂರದ ನಗರದಲ್ಲಿದ್ದ. ಫೋನಿನಲ್ಲಿ ಮೊದಲು ಬಿಂಕ ತೋರಿದ. 'ನೋಟಿಸ್ ಕಳಿಸ್ತೀವಿ' ಎಂದ ಮೇಲೆ ಹಾದಿಗೆ ಬಂದು, ಪ್ರತಿ ಬುಕಿಂಗೂ ಎಲ್ಲಿಂದ, ಎಷ್ಟು ಗಂಟೆಗೆ ಆಯಿತೆಂಬ ಪಟ್ಟಿ ಕಳಿಸಿಕೊಟ್ಟ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಕಾನ್‌ಸ್ಟೇಬಲ್ ಆ ಪಟ್ಟಿ ಹಿಡಿದು ಬಂದಳು.

"ಸಾರ್, ರದ್ದಾದವು ಬಹುಪಾಲು ಎಲ್ಲಾ ಒಂದೇ ಥರ. ಬುಕ್ ಆಗಿರೋದು ಮಧ್ಯಾಹ್ನ ಒಂದು ನಲವತ್ತರಿಂದ ಎರಡು ಹತ್ತರ ಒಳಗೆ, ಮಾರನೇ ದಿನಕ್ಕೆ. ರದ್ದಾಗಿರೋದು ಮಾರನೇ ದಿನ ಹನ್ನೊಂದೂವರೆ ಮೇಲೆ."

"ಹನ್ನೆರಡರ ಒಳಗೇನಾ?"

"ಹ್ಞೂಂ ಸಾರ್. ಹನ್ನೆರಡು ದಾಟಿದ್ರೆ ಬಾಡಿಗೆ ಬೀಳುತ್ತೆ."

"ಎಲ್ಲಿಂದ?"

"ಅದೇ ಹಜಾರದ ಪರದೆಯಿಂದ. ಒಂದೂ ಹೊರಗಿನದಲ್ಲ."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಮನೆಯೊಳಗಿನ ಪರದೆ ಎಂದಮೇಲೆ ಯಜಮಾನಿಯ ಕುತ್ತಿಗೆಗೆ ಹಗ್ಗ ಇನ್ನಷ್ಟು ಬಿಗಿಯಾಯಿತು. ಮುಂಬಾಗಿಲ ಕ್ಯಾಮೆರಾ ನೋಡಿದರು. ಅದಕ್ಕೆ ಪರದೆ ಕಾಣುವುದಿಲ್ಲ, ಬಾಗಿಲು ಮಾತ್ರ ಕಾಣುತ್ತದೆ. ಆ ಹೊತ್ತಿನಲ್ಲಿ ಹೊರಗಿನವರು ಯಾರೂ ಒಳಗೆ ಬಂದಿರಲಿಲ್ಲ.

ಆದರೆ ದಫೇದಾರರು ಯಜಮಾನಿಯ ಗೋಡೆ ಕ್ಯಾಲೆಂಡರ್‌ನಲ್ಲಿ ಒಂದು ಗುರುತು ನೋಡಿ ಬಂದಿದ್ದರು. ಹೋದ ತಿಂಗಳ ಹನ್ನೆರಡರಿಂದ ಹದಿನಾಲ್ಕರವರೆಗೆ 'ತರಬೇತಿ' ಎಂದಿತ್ತು. ವಿಚಾರಿಸಿದರೆ ಅದು ಪ್ರವಾಸೋದ್ಯಮ ಇಲಾಖೆಯದೇ ತರಬೇತಿ. ಹಾಜರಿ ಹಾಕಿಸಿಕೊಂಡದ್ದು ಬೆರಳಚ್ಚಿನಲ್ಲಿ, ಹತ್ತರಿಂದ ಐದು. ಆ ಮೂರು ದಿನಗಳಲ್ಲಿ ಪರದೆಯಿಂದ ಇಪ್ಪತ್ತೆರಡು ಬುಕಿಂಗ್ ಆಗಿತ್ತು.

ಇದನ್ನು ಸಹಾಯಕ ನಿರ್ದೇಶಕರಿಗೆ ಫೋನ್ ಮಾಡಿ ಹೇಳಿದರು.

"ಬೇರೆಯವರ ಕೈಲಿ ಮಾಡಿಸಿರಬಹುದಲ್ಲ?"

"ಇರಬಹುದು. ಅದನ್ನೇ ನೋಡ್ತಿದ್ದೀವಿ."

ಮನೆಯಲ್ಲಿ ಆ ಹೊತ್ತಿಗೆ ಇರುತ್ತಿದ್ದವರು ಮೂವರೇ. ಯಜಮಾನಿ ಒಂದೂವರೆಗೆ ಊಟ ಮಾಡಿ ಮೇಲೆ ಹೋಗಿ ಒರಗುತ್ತಿದ್ದರು. ಅಡುಗೆಯವನು ಕೆರೆ ಪಕ್ಕದ ವಸತಿಗೃಹದ್ದೇ ಚಹಾ ಗೂಡಿನಲ್ಲಿ ನಿಲ್ಲುತ್ತಿದ್ದ. ಅಲ್ಲಿಯ ಬಿಲ್ ಯಂತ್ರ ಎರಡು ಮೂರು ನಿಮಿಷಕ್ಕೊಂದು ಚೀಟಿ ಕಕ್ಕಿದ್ದಕ್ಕೆ ದಾಖಲೆ ಇತ್ತು. ಮೂರನೆಯವರು ಕೋಣೆಗಳ ಉಸ್ತುವಾರಿ ನೋಡುವ ಹೆಂಗಸು. ಎಲ್ಲರೂ ಅವರನ್ನು ದೊಡ್ಡಕ್ಕ ಎನ್ನುತ್ತಿದ್ದರು, ಅವರಿಗಿಂತ ದೊಡ್ಡವರೂ.

ಅವರು ಹಿಂಬದಿಯ ಬಟ್ಟೆ ಕೋಣೆಯಲ್ಲಿ ಹಾಸುಬಟ್ಟೆ ಮಡಿಸುತ್ತಿದ್ದರು. ಐವತ್ತೆಂಟು ವಯಸ್ಸು, ಎತ್ತಿ ಕಟ್ಟಿದ ಸೀರೆ, ಮೂಗಿನ ತುದಿಗೆ ಜಾರಿದ ಕನ್ನಡಕ. ಇನ್ಸ್‌ಪೆಕ್ಟರ್ ಬಂದರೂ ಕೈ ನಿಲ್ಲಲಿಲ್ಲ.

"ಎಷ್ಟು ವರ್ಷದಿಂದ ಇದ್ದೀರಿ?"

"ಇಪ್ಪತ್ತೊಂಬತ್ತು. ಇವರ ಮಾವ ಇದ್ದಾಗಿಂದ."

"ನಿಮ್ಮ ಕೈಕೆಳಗೆ ಎಷ್ಟು ಜನ?"

"ಐದು ಹೆಣ್ಮಕ್ಕಳು. ದಿನಗೂಲಿ. ಎಂಟಕ್ಕೆ ಬಂದು ಒಂದಕ್ಕೆ ಹೋಗ್ತಾರೆ."

"ಹಜಾರದ ಪರದೆ ನೀವು ಮುಟ್ಟೋದುಂಟಾ?"

"ದಿನಾ ಒರೆಸ್ತೀನಿ," ಎಂದರು ದೊಡ್ಡಕ್ಕ. "ಎಲ್ಲರ ಬೆರಳಿನ ಜಿಡ್ಡೂ ಅದರ ಮೇಲೇ."

ಉತ್ತರ ಸರಿಯಾಗಿತ್ತು. ಇನ್ಸ್‌ಪೆಕ್ಟರ್ ಎದ್ದು ಬಂದರು.

ಬುಧವಾರ ಪ್ರಕರಣದ ಬಾಲ ಸಿಕ್ಕಿತು. ಸಿಕ್ಕಿದ್ದು ಕಾನ್‌ಸ್ಟೇಬಲ್‌ಗೆ. ರದ್ದಾದ ಬುಕಿಂಗ್‌ಗಳಲ್ಲಿ ಕೊಟ್ಟಿದ್ದ ಫೋನ್ ನಂಬರುಗಳಿಗೆಲ್ಲ ಬೆಳಗಿಂದ ಕರೆ ಮಾಡಿ ಮಾಡಿ ಅವಳ ಕಿವಿ ಕೆಂಪಾಗಿತ್ತು. ಒಂದೂ ಚಾಲ್ತಿಯಲ್ಲಿಲ್ಲ.

"ಸಾರ್, ಇವೆಲ್ಲ ಶುರುವಾಗೋದೇ ಸೊನ್ನೆಗಳಿಂದ. ಸೊನ್ನೆ ತೆಗೆದ್ರೆ ಐದೇ ಅಂಕೆ ಉಳಿಯುತ್ತೆ."

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ದಫೇದಾರರು ಲೋಟ ಕೆಳಗಿಟ್ಟರು. "ಐದಂಕೆ ನಂಬರು ನಾನು ಕೆಲಸಕ್ಕೆ ಸೇರಿದಾಗ ಇತ್ತಮ್ಮಾ. ಲ್ಯಾಂಡ್‌ಲೈನ್ ಫೋನು. ನೀನು ಆಗ ಹುಟ್ಟೇ ಇರಲಿಲ್ಲ."

ಇನ್ಸ್‌ಪೆಕ್ಟರ್ ಪಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅಲ್ಲಿಯವರೆಗೆ ಅಂಕೆಗಳನ್ನೇ ನೋಡಿದ್ದರು. ಕೊನೆಯ ಕಾಲಮ್ಮಿನ ಕಡೆ ಯಾರ ಕಣ್ಣೂ ಹೋಗಿರಲಿಲ್ಲ. 'ವಿಶೇಷ ಕೋರಿಕೆ' ಎಂದಿತ್ತು. ಒಂದೊಂದಾಗಿ ಓದಿದರು. 'ಮೆಟ್ಟಿಲು ಹತ್ತಲಾಗುವುದಿಲ್ಲ, ಕೆಳಗಿನ ಕೋಣೆ ಸಾಕು.' 'ಎರಡು ದಿಂಬು, ಒಂದು ಗಟ್ಟಿ.' 'ಹೆಂಡತಿಗೆ ಗೊರಕೆ, ಪಕ್ಕದ ಕೋಣೆಯಲ್ಲಿ ಯಾರೂ ಬೇಡ.' ಕಾನ್‌ಸ್ಟೇಬಲ್‌ಗೆ ನಗು ತಡೆಯಲಾಗಲಿಲ್ಲ. ಇನ್ಸ್‌ಪೆಕ್ಟರ್ ನಗಲಿಲ್ಲ. ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತ್ತು. 'ಒಲೆ ಹೊಗೆಯಾಡದ ಕೋಣೆ ಕೊಡಿ.'

ಯಜಮಾನಿಗೆ ಫೋನ್ ಹೋಯಿತು.

"ಕೋಣೆಗಳಲ್ಲಿ ಒಲೆ ಇದೆಯಾ ಅಮ್ಮಾ?"

"ಒಲೆನಾ? ಇಲ್ಲ ಸಾರ್. ನಮ್ಮ ಮಾವನ ಕಾಲದಲ್ಲಿ ಚಳಿಗೆ ಅಂತ ಕಬ್ಬಿಣದ ಒಲೆ ಇಟ್ಟಿದ್ರಂತೆ. ನಾನು ಮದುವೆಯಾಗಿ ಬರೋಷ್ಟರಲ್ಲಿ ತೆಗೆಸಿದ್ರು. ನಾನು ಕಂಡೇ ಇಲ್ಲ."

"ಆಗಿನ ಅತಿಥಿಗಳ ಪುಸ್ತಕ ಇದೆಯಾ?"

"ಬಟ್ಟೆ ಕೋಣೆ ಅಟ್ಟದ ಮೇಲಿರಬೇಕು."

ಮೂರು ಗಂಟೆಗೆ ಪಂಚರ ಸಮೇತ ಮತ್ತೆ ಹೋದರು. ಅಟ್ಟದ ಮೇಲೆ ಹತ್ತೊಂಬತ್ತು ದಪ್ಪ ಪುಸ್ತಕ. ದಫೇದಾರರು ಸ್ಟೂಲು ಹತ್ತಿ ಬೆರಳಾಡಿಸಿದರು. ಹದಿನೇಳರ ಮೇಲೆ ಬೆರಳದ್ದುವಷ್ಟು ಧೂಳು, ಎರಡರ ಮೇಲೆ ಎಳ್ಳಷ್ಟೂ ಇಲ್ಲ. ಆ ಎರಡನ್ನು ಇಳಿಸಿ ಪಟ್ಟಿಗೆ ಹೋಲಿಸಿದರು. ಹೆಸರು, ಊರು, ಐದಂಕೆಯ ನಂಬರು ಎಲ್ಲವೂ ಸಾಲು ತಪ್ಪದೆ ಕೂಡಿಬಂತು. ಆರು ತಿಂಗಳೂ ತುಂಬದ ಪರದೆಯಲ್ಲಿ ಕೋಣೆ ಹಿಡಿದಿದ್ದವರು ಇಪ್ಪತ್ತೈದು ವರ್ಷದ ಹಿಂದೆ ಬಂದು ಹೋದವರು. ಕೋರಿಕೆಗಳು ಮಾತ್ರ ಪುಸ್ತಕದಲ್ಲಿರಲಿಲ್ಲ. ಅವು ಯಾರದೋ ನೆನಪಿನಿಂದ ಬಂದಿದ್ದವು.

ದೊಡ್ಡಕ್ಕ ಅಂದು ಒಂದೂವರೆಗೇ ಮನೆಗೆ ಹೋಗಿದ್ದರು. ಕರೆಸಬಹುದಿತ್ತು. ಇನ್ಸ್‌ಪೆಕ್ಟರ್ ಕರೆಸಲಿಲ್ಲ. ಯಾರು ಎಂಬುದು ಸಿಕ್ಕಿತ್ತು, ಯಾಕೆ ಎಂಬುದು ಸಿಕ್ಕಿರಲಿಲ್ಲ. ಯಜಮಾನಿಯ ಮೇಲೆ ಹಗೆಯೋ, ಕಂಪನಿಯವನ ಆಮಿಷವೋ, ತಿಳಿಯದೆ ಕೈ ಹಾಕುವುದು ಅವರ ಜಾಯಮಾನವಲ್ಲ.

"ಈ ಬುಕಿಂಗ್‌ನಿಂದ ಮನೇಲಿ ಏನು ಬದಲಾಗುತ್ತೆ?" ಎಂದು ಕಾನ್‌ಸ್ಟೇಬಲ್‌ನ ಕೇಳಿದರು. "ದುಡ್ಡು ಬಿಡು. ಬುಕ್ ಆದ ತಕ್ಷಣ ಸಿಸ್ಟಂ ಏನೇನು ಮಾಡುತ್ತೆ?"

ಅವಳು ಕಂಪನಿಯ ಕೈಪಿಡಿ ತೆರೆದಳು. "ಇಲಾಖೆಗೆ ಲೆಕ್ಕ ಕಳಿಸುತ್ತೆ. ಆಮೇಲೆ... ಸಂಜೆ ಆರಕ್ಕೆ ಕೆಲಸದವರಿಗೆ ಮೆಸೇಜ್ ಹೋಗುತ್ತೆ ಸಾರ್. ನಾಳೆ ಮೂರು ಕೋಣೆ ಇದ್ರೆ ಒಬ್ಬಳಿಗೆ ಕರೆ, ಆರಿದ್ರೆ ಇಬ್ಬರಿಗೆ. ಕೋಣೆ ಇಲ್ಲ ಅಂದ್ರೆ 'ನಾಳೆ ಬರಬೇಡಿ' ಅಂತ."

"ಹಾಜರಿ ಪುಸ್ತಕ ತೆಗಿ."

ಐದು ಹೆಂಗಸರ ಹಾಜರಿಯನ್ನು ಅವಳು ಒಂದು ಹಾಳೆಯಲ್ಲಿ ಬರೆದಳು. ಸಿಸ್ಟಂ ಬರುವ ಮುಂಚೆ ಒಬ್ಬೊಬ್ಬರಿಗೂ ತಿಂಗಳಿಗೆ ಇಪ್ಪತ್ತನಾಲ್ಕು, ಇಪ್ಪತ್ತೈದು ದಿನ. ಬಂದ ಮೊದಲ ತಿಂಗಳು ಎಂಟು. ಎರಡನೇ ತಿಂಗಳು ಆರು. ಮೂರನೇ ತಿಂಗಳು ಹದಿನೈದು. ನಾಲ್ಕನೆಯದು ಹದಿನೈದು. ಐದನೆಯದು ಹದಿನೈದು. ಐವರಿಗೂ ಅಷ್ಟೇ, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ. ಪ್ರತಿ ತಿಂಗಳು ಹದಿನೈದು ತುಂಬಿದ ಮರುದಿನದಿಂದ ಸುಳ್ಳು ಬುಕಿಂಗೂ ಬಂದ್.

"ಹದಿನೈದೇ ಯಾಕೆ?" ಎಂದಳು ಕಾನ್‌ಸ್ಟೇಬಲ್.

ಅದಕ್ಕೆ ಉತ್ತರ ದಫೇದಾರರ ಹತ್ತಿರ ಇತ್ತು. ಅವರ ತಂಗಿಯೂ ದಿನಗೂಲಿಯವಳೇ. "ಪುಕ್ಕಟೆ ಚಿಕಿತ್ಸೆ ಕಾರ್ಡು ಸಾರ್. ಮೂರು ತಿಂಗಳು ಸತತವಾಗಿ ತಿಂಗಳಿಗೆ ಹದಿನೈದು ದಿನ ತುಂಬದಿದ್ರೆ ಕಾರ್ಮಿಕರ ಪಟ್ಟಿಯಿಂದ ಹೆಸರು ತೆಗೀತಾರೆ. ಹೆಸರು ಹೋದ್ರೆ ಕಾರ್ಡೂ ಹೋಯ್ತು."

ಹೊರಗೆ ಯಾರದೋ ಗಾಡಿ ಎಷ್ಟು ಒದ್ದರೂ ಶುರುವಾಗದೆ ಕೆಮ್ಮುತ್ತಿತ್ತು.

ಹತ್ತನೇ ತಾರೀಖು ಗುರುವಾರ, ಬೆಳಿಗ್ಗೆ ಹನ್ನೊಂದು. ದೊಡ್ಡಕ್ಕ ಬಟ್ಟೆ ಕೋಣೆಯಲ್ಲೇ ಇದ್ದರು. ಇನ್ಸ್‌ಪೆಕ್ಟರ್ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತರು. ಕಾನ್‌ಸ್ಟೇಬಲ್ ಹೇಳಿಕೆ ಬರೆಯಲು ಕಾಗದ ತೆಗೆದಳು.

"ಒಲೆ ಹೊಗೆಯಾಡ್ತಿದ್ದದ್ದು ಯಾವ ಕೋಣೆ ದೊಡ್ಡಕ್ಕಾ?"

ಮಡಿಸುತ್ತಿದ್ದ ಕೈ ಈ ಸಲ ನಿಂತಿತು. ಅವರು ಇನ್ಸ್‌ಪೆಕ್ಟರ್ ಮುಖವನ್ನು, ಆಮೇಲೆ ಅಟ್ಟವನ್ನು ನೋಡಿದರು.

"ಒಂಬತ್ತು," ಎಂದರು. "ಆಗೆಲ್ಲ ಬರ್ತಿದ್ದ ನಕ್ಷೆ ಬರೆಯೋ ಸಾಹೇಬರೊಬ್ಬರು ಒಂದು ಸಲ ಕೆಮ್ಮಿ ಕೆಮ್ಮಿ ಸಾಕಾಗಿದ್ರು. ಆಮೇಲೆ ಯಾವಾಗ ಬಂದ್ರೂ ಅದೇ ಹೇಳೋರು."

"ಬುಕಿಂಗ್ ಮಾಡಿದ್ದು ನೀವೇನಾ?"

"ನಾನೇ."

"ಯಾರಾದ್ರೂ ಹೇಳಿ ಮಾಡಿಸಿದ್ರಾ? ಯಜಮಾನಿ? ಕಂಪನಿಯವನು?"

"ಯಾರೂ ಇಲ್ಲಪ್ಪ. ಅವರಿಗೆ ಗೊತ್ತೇ ಇಲ್ಲ."

"ಪರದೆ ಬಳಸೋದು ಹೇಗೆ ಕಲಿತ್ರಿ?"

"ಬಂದವರಿಗೆ ಯಾರು ತೋರಿಸ್ತಿದ್ರು ಅಂದ್ಕೊಂಡ್ರಿ? ಗುಮಾಸ್ತನ್ನ ಬಿಡಿಸಿದ್ಮೇಲೆ ಒತ್ತೋಕೆ ಬರದವರೆಲ್ಲ 'ಅಕ್ಕಾ ಅಕ್ಕಾ' ಅಂತ ನನ್ನೇ ಕರೀತಿದ್ರು."

"ಕೋರಿಕೆ ಯಾಕೆ ಬರೆದ್ರಿ? ಅದರಿಂದಲೇ ಸಿಕ್ಕಿಬಿದ್ರಿ."

"ಅದನ್ನ ಖಾಲಿ ಬಿಟ್ರೆ ಮುಂದಕ್ಕೆ ಹೋಗ್ತಿರಲಿಲ್ಲ. ಏನು ಬರೀಲಿ? ಅವರವರು ಏನು ಕೇಳ್ತಿದ್ರೋ ಅದೇ ಬರೆದೆ."

ಉಳಿದದ್ದನ್ನು ಅವರು ಯಾರೂ ಕೇಳದೆಯೇ ಹೇಳಿದರು. ಐವರಲ್ಲಿ ಒಬ್ಬಳ ಗಂಡನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಇನ್ನೊಬ್ಬಳು ಏಳು ತಿಂಗಳ ಬಸುರಿ, ಹಿಂದೆ ಎರಡು ಕಳೆದುಕೊಂಡವಳು. ಮೂರನೇ ತಿಂಗಳ ಎಂಟನೇ ತಾರೀಖಿನವರೆಗೆ ಎರಡೇ ದಿನ ಕೆಲಸ ಸಿಕ್ಕಿತ್ತು. ಒಂಬತ್ತಕ್ಕೆ ದೊಡ್ಡಕ್ಕ ಪುಸ್ತಕ ಕೆಳಗಿಳಿಸಿದರು. ಬುಕ್ ಮಾಡಿ, ಹೆಂಗಸರು ಬಂದು ಹಾಜರಿ ಹಾಕಿ ಕೋಣೆ ಗುಡಿಸಿದ ಮೇಲೆ, ಯಜಮಾನಿ ಸಾಮಾನು ತರಲು ಪೇಟೆಗೆ ಹೋದ ಹೊತ್ತಿನಲ್ಲಿ ರದ್ದು ಮಾಡುತ್ತಿದ್ದರು. ಅವರ ಸ್ವಂತ ಸಂಬಳ ಕಾಯಂ, ಕಾರ್ಡೂ ಕಾಯಂ; ಇದರಿಂದ ಅವರಿಗೇನೂ ಬರುವುದಿರಲಿಲ್ಲ.

"ಯಾರೂ ಮಲಗದ ಹಾಸಿಗೆ ಎತ್ತಿ ಹಾಸೋದು ಆ ಹೆಂಗಸರಿಗೆ ವಿಚಿತ್ರ ಅನ್ನಿಸಲಿಲ್ವಾ?"

"ಕೇಳಿದ್ರು. ಬರೋರಿದ್ದಾರೆ, ಸುಮ್ನೆ ಮಾಡ್ರೇ ಅಂದೆ."

"ಈ ಲೆಕ್ಕ ಸರ್ಕಾರಕ್ಕೆ ಹೋಗುತ್ತೆ ಅಂತ ಗೊತ್ತಿತ್ತಾ?"

"ನಿಮ್ಮ ಜೀಪು ಬಂದ ದಿನ ಗೊತ್ತಾಯ್ತು. ಅವತ್ತಿಂದ ಮುಟ್ಟಿಲ್ಲ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ನಾಳೆ ನಾನೇ ಠಾಣೆಗೆ ಬರೋಣ ಅಂತಿದ್ದೆ. ಹೇಳಿದ್ರೆ ನಂಬೋದು ನಿಮಗೆ ಬಿಟ್ಟಿದ್ದು."

ಇನ್ಸ್‌ಪೆಕ್ಟರ್ ನಂಬಿದರು. ಆದರೆ ಹೇಳಿಕೆಯಲ್ಲಿ ಬರೆಸಿದ್ದು ಅವರು ಹೇಳಿದ್ದನ್ನಷ್ಟೇ.

ಬಾಗಿಲಲ್ಲಿ ಯಜಮಾನಿ ನಿಂತಿದ್ದರು. ಎಷ್ಟು ಹೊತ್ತಾಗಿತ್ತೋ. ಮುಖ ಕೆಂಪೇರಿತ್ತು.

"ನನ್ನನ್ನ ಜೈಲಿಗೆ ಕಳಿಸ್ತಿದ್ರಲ್ಲ ದೊಡ್ಡಕ್ಕಾ! ಒಂದು ಮಾತು ನನ್ನ ಕೇಳಬಾರದಿತ್ತಾ? ಕೇಳಿದ್ರೆ ನಾನು ಕೆಲಸ ಕೊಡ್ತಿರಲಿಲ್ವಾ?"

"ಕೇಳಿದ್ದೆ," ಎಂದರು ದೊಡ್ಡಕ್ಕ ಮೆಲ್ಲಗೆ. "ಎರಡು ಸಲ. ಒಂದ್ಸಲ ಈ ಕೋಣೇಲೇ. ಈಗ ನನ್ನ ಕೈಲಿ ಏನೂ ಇಲ್ಲ, ಎಲ್ಲಾ ಸಿಸ್ಟಂ ನೋಡ್ಕೊಳ್ಳುತ್ತೆ ಅಂದ್ರಿ."

ಯಜಮಾನಿ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತರು, ಆಮೇಲೆ ಗೋಡೆಗೊರಗಿ ಕೂತುಬಿಟ್ಟರು.

ಹನ್ನೊಂದು ಐವತ್ತಕ್ಕೆ ದಸ್ತಗಿರಿ. ಕೈಗೆ ಕೋಳ ಹಾಕಲಿಲ್ಲ. ಮಡಿಸದೆ ಉಳಿದಿದ್ದ ಆರು ಹಾಸುಬಟ್ಟೆಗಳನ್ನು ಮಡಿಸಲು ದೊಡ್ಡಕ್ಕ ಸಮಯ ಕೇಳಿದರು. ಒಂದು ತುದಿ ಕಾನ್‌ಸ್ಟೇಬಲ್ ಹಿಡಿದುಕೊಂಡಳು. ಜೀಪು ಹತ್ತುವಾಗ ಅಂಗಳದಲ್ಲಿ ಆ ದಿನ ಕೆಲಸಕ್ಕೆ ಬಂದಿದ್ದ ಇಬ್ಬರು ಹೆಂಗಸರು ಪೊರಕೆ ಹಿಡಿದು ನಿಂತಿದ್ದರು. ಏನಾಯಿತೆಂದು ಅವರಿಗೆ ಯಾರೂ ಹೇಳಿರಲಿಲ್ಲ. "ಮೇಲಿನ ಎರಡು ಕೋಣೆ ಬಾಕಿ ಇದೆ, ಮುಗಿಸ್ರೇ," ಎಂದಷ್ಟೇ ಹೇಳಿ ದೊಡ್ಡಕ್ಕ ಒಳಗೆ ಕೂತರು.

ಸಂಜೆ ಸಹಾಯಕ ನಿರ್ದೇಶಕರು ಬಂದು ವರದಿ ಓದಿದರು. ಈ ಸಲ ಹೇಳುವ ಮುಂಚೆಯೇ ಕೂತರು. ಯಜಮಾನಿಯ ಮೇಲಿನ ಆರೋಪ ಕೈಬಿಡಲು ಒಪ್ಪಿದರು. ಕಂತಿನ ವಿಷಯ ಸಮಿತಿಗೆ ಹೋಗಬೇಕು, ತಮ್ಮ ಕೈಯಲ್ಲಿಲ್ಲ ಎಂದರು. ಕೆಲಸದವರ ಹಾಜರಿ ಯೋಜನೆಯ ಯಾವ ನಮೂನೆಯಲ್ಲಿ ಬರುತ್ತದೆಂದು ಇನ್ಸ್‌ಪೆಕ್ಟರ್ ಕೇಳಿದಾಗ ಫೈಲು ಎರಡು ಸಲ ತಿರುವಿ ಹಾಕಿದರು. ಅಂಥ ನಮೂನೆ ಇರಲಿಲ್ಲ.

ಶುಕ್ರವಾರ ದೊಡ್ಡಕ್ಕನಿಗೆ ಜಾಮೀನು ಸಿಕ್ಕಿತು. ಯಜಮಾನಿ ನ್ಯಾಯಾಲಯಕ್ಕೆ ಬರಲಿಲ್ಲ. ಆದರೆ ಅವತ್ತೇ ಸಿಸ್ಟಂನಿಂದ ಕೆಲಸದವರ ಕರೆಯನ್ನು ಬೇರ್ಪಡಿಸಲು ಕಂಪನಿಯವನಿಗೆ ಬರೆದರೆಂದು ಅಡುಗೆಯವನ ಬಾಯಿಂದ ದಫೇದಾರರಿಗೆ ತಿಳಿಯಿತು.

ದೋಷಾರೋಪಣ ಪಟ್ಟಿಯ ಕರಡು ತುಂಬಿಸುತ್ತ ಇನ್ಸ್‌ಪೆಕ್ಟರ್ ಕೊನೆಯ ಹಾಳೆಗೆ ಬಂದರು. 'ಕೃತ್ಯದ ಉದ್ದೇಶ' ಎಂಬಲ್ಲಿ ಅಚ್ಚಾದ ಆಯ್ಕೆಗಳಿದ್ದವು. ಹಣದ ಆಸೆ, ದ್ವೇಷ, ಪ್ರಚೋದನೆ, ಇತರೆ. ಅವರು 'ಇತರೆ' ಎಂಬುದಕ್ಕೆ ಗುರುತು ಹಾಕಿ, ಪಕ್ಕದ ಇಕ್ಕಟ್ಟು ಜಾಗದಲ್ಲಿ ಸಣ್ಣಕ್ಷರದಲ್ಲಿ ಬರೆದರು:

'ಐವರು ಕೆಲಸಗಾರ್ತಿಯರಿಗೆ ತಿಂಗಳಿಗೆ ಹದಿನೈದು ದಿನ ತುಂಬಿಸಲು. ಹದಿನಾರನೆಯ ದಿನಕ್ಕಾಗಿ ಮಾಡಿದ್ದು ಒಂದೂ ಇಲ್ಲ.'